ಮೂವತ್ತು ದಾಟಿದರೂ ಮದುವೆಯಿಲ್ಲ: ಹಾಸನ, ಚಿಕ್ಕಮಗಳೂರು ಕಡೆ ತಡವಾಗುತ್ತಿರುವುದು ಏಕೆ?

ಕಾಳುಮೆಣಸು, ಮೂಡಿಗೆರೆ

ಈ ವೈಶಾಖದಲ್ಲಿ ನಮ್ಮ ಕಡೆ ನಡೆದ ಮದುವೆಗಳ ಊಟದ ಪಂಕ್ತಿಯಲ್ಲಿ ಕುಳಿತು ವಿಚಾರಿಸಿದರೆ ಗಂಡಿಗೆ ಮೂವತ್ತನಾಲ್ಕು, ಮೂವತ್ತಾರು. ಹೆಣ್ಣಿಗೆ ಇಪ್ಪತ್ತೊಂಬತ್ತು, ಮೂವತ್ತು. ನಮ್ಮ ತಂದೆಯ ಕಾಲದಲ್ಲಿ ಆ ವಯಸ್ಸಿಗೆ ಮಕ್ಕಳನ್ನು ಹೈಸ್ಕೂಲಿಗೆ ಸೇರಿಸುತ್ತಿದ್ದರು. ಪಕ್ಕದ ಎಲೆಯವರು ಕೊಡುವ ಕಾರಣ ಮಾತ್ರ ಎಲ್ಲ ಮದುವೆಯಲ್ಲೂ ಒಂದೇ: "ಈಗಿನವರಿಗೆ ಜವಾಬ್ದಾರಿ ಬೇಡ." ಹೋಳಿಗೆ ಬಡಿಸುವವನು ನಮ್ಮ ಎಲೆಯ ಬಳಿ ಬರುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಕಾರಣ ಅದು. ಹಾಗಾಗಿ ಎಲ್ಲರಿಗೂ ಇಷ್ಟ.

ನನಗೆ ಅನ್ನಿಸುವುದು ಬೇರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಎರಡು ಬಗೆಯ ತಡ ಇದೆ. ಒಂದು, ಬೇಕೆಂದೇ ಮುಂದೂಡಿದ್ದು: ಓದು ಮುಗಿಯಲಿ, ಕೆಲಸ ಕಾಯಂ ಆಗಲಿ, ಸಾಲ ತೀರಲಿ ಎಂಬ ಲೆಕ್ಕಾಚಾರ. ಇನ್ನೊಂದು, ಬೇಡವೆಂದರೂ ತಲೆಯ ಮೇಲೆ ಬಂದು ಕೂತದ್ದು. ನಾನು ಎರಡನೆಯ ಪಂಗಡದವನು. ವಯಸ್ಸು ಮೂವತ್ತೇಳು. ಅರೇಬಿಕಾ, ರೊಬಸ್ಟಾ ಸೇರಿ ಹನ್ನೆರಡು ಎಕರೆ ತೋಟ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಕುಡಿತವಿಲ್ಲ. ಸಹಕಾರ ಸಂಘದಲ್ಲಿ ಎಲ್ಲರಿಗೂ ಇರುವಷ್ಟು ಸಾಲ ಇದೆ.

ಮೊನ್ನೆ ಬ್ರೋಕರ್ ಮನೆಗೆ ಬಂದಿದ್ದರು. ಅವರ ಬಳಿ ಉದ್ದನೆಯ ಲೆಕ್ಕದ ಪುಸ್ತಕವಿದೆ. ಪುಟಕ್ಕೊಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಕೆಳಗೆ ನಕ್ಷತ್ರ, ರಾಶಿ, ಎತ್ತರ, ಓದು. ಹಳೆಯ ಪುಟಗಳಲ್ಲಿ 'ಜಮೀನು ಎಷ್ಟು' ಎಂಬುದು ಎರಡನೆಯ ಸಾಲಿನಲ್ಲೇ ಇತ್ತು. ಈಗ ಅದು ಕೆಳಗಿಳಿದು, ಅದರ ಜಾಗಕ್ಕೆ 'ಬೆಂಗಳೂರಿನಲ್ಲಿ ಸೈಟ್ ಅಥವಾ ಫ್ಲಾಟ್' ಬಂದಿದೆ. ಅಂಚಿನಲ್ಲಿ ಪೆನ್ಸಿಲ್‌ನಿಂದ ಸೇರಿಸಿದ ಸಾಲೊಂದಿದೆ: 'ಅತ್ತೆ ಮಾವ ಜೊತೆಗಿರುತ್ತಾರೆಯೇ?' ನನ್ನ ಪುಟದಲ್ಲಿ ಸೈಟಿನ ಎದುರು ಗೀಟು, ಅತ್ತೆ ಮಾವನ ಎದುರು 'ಹೌದು'. ಬ್ರೋಕರ್ ಕಾಫಿ ಕುಡಿದು, "ಕಂಕಣಬಲ ಕೂಡಿಬರಬೇಕು" ಎಂದು ಹೇಳಿ, ಬಸ್ಸಿನ ಖರ್ಚು ತೆಗೆದುಕೊಂಡು ಹೋದರು.

ನಿಮ್ಮ ಮನೆಯಲ್ಲಿ, ಬಂಧುಬಳಗದಲ್ಲಿ ನಿಜವಾದ ಕಾರಣಗಳೇನು? ಟಿ.ವಿ.ಯಲ್ಲಿ ಹೇಳುವುದು ಬೇಡ, ಕಣ್ಣಾರೆ ಕಂಡದ್ದನ್ನು ಬರೆಯಿರಿ.

ಎರಡನೇ ಪಾಳಿ, ಹಾಸನ

ನಾನು ನಿಮ್ಮ ಲೆಕ್ಕದ ಮೊದಲ ಪಂಗಡದವಳು. ಮೂವತ್ತಮೂರು ವಯಸ್ಸು, ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಆದರೆ 'ಬೇಕೆಂದೇ ಮುಂದೂಡಿದ್ದು' ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನರ್ಸಿಂಗ್ ಮುಗಿಸಿದಾಗ ಶಿಕ್ಷಣ ಸಾಲ ಇತ್ತು. ಅಪ್ಪ ಲಾರಿ ಓಡಿಸುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಅಪಘಾತವಾದ ಮೇಲೆ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ತಮ್ಮನ ಡಿಪ್ಲೊಮಾ ನನ್ನ ಸಂಬಳದಲ್ಲಿ ಆಯಿತು. ದುಡಿಯುವ ಮಗಳನ್ನು ಧಾರೆಯೆರೆದು ಕಳುಹಿಸಲು ಯಾವ ಮನೆಯವರಿಗೂ ಆತುರವಿರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಒಳ್ಳೆಯ ಸಂಬಂಧ ಬರಲಿ" ಎನ್ನುತ್ತಾರೆ. ಬಂದ ಸಂಬಂಧಗಳಲ್ಲೆಲ್ಲ ಏನಾದರೊಂದು ಕುಂದು ಹುಡುಕುತ್ತಾರೆ. ಇದು ಸ್ವಾರ್ಥವಲ್ಲ, ಮುಂದಿನ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ ಎಂಬ ಭಯ.

ತಡವಾಗಿದ್ದರಿಂದ ಲಾಭವೂ ಆಯಿತು. ಇಪ್ಪತ್ತೆರಡಕ್ಕೆ ನನ್ನನ್ನು ನೋಡಲು ಬಂದಿದ್ದರೆ ತಲೆತಗ್ಗಿಸಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಒಳಗೆ ಹೋಗುತ್ತಿದ್ದೆ. ಮೂವತ್ತೊಂದಕ್ಕೆ ಬಂದವರ ಎದುರು ಕುರ್ಚಿಯಲ್ಲಿ ಕುಳಿತು ಕೇಳಿದೆ: "ನನಗೆ ರಾತ್ರಿ ಪಾಳಿ ಬಂದ ದಿನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?" ಹುಡುಗ ಅವನ ತಾಯಿಯ ಮುಖ ನೋಡಿದ. ತಾಯಿ ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು. ಹುಡುಗನ ಸೋದರಮಾವ ಇನ್ನರ್ಧ ಲೋಟ ಕಾಫಿ ಕೇಳಿದರು. ಎರಡು ದಿನ ಬಿಟ್ಟು ಬ್ರೋಕರ್ ಕೈಯಲ್ಲಿ ಹೇಳಿ ಕಳುಹಿಸಿದರು: ಹುಡುಗಿಗೆ ಬಾಯಿ ಜಾಸ್ತಿ.

ಹಳೇ ಬಸ್ ನಿಲ್ದಾಣ, ಚಿಕ್ಕಮಗಳೂರು

ಇಷ್ಟೆಲ್ಲ ವಿಶ್ಲೇಷಣೆ ಬೇಕಿಲ್ಲ. ಹೆಣ್ಣುಮಕ್ಕಳ ಬೇಡಿಕೆ ಮಿತಿಮೀರಿದೆ. ಸರ್ಕಾರಿ ನೌಕರಿ ಇರಬೇಕು, ಇಲ್ಲವೇ ಸಾಫ್ಟ್‌ವೇರ್. ಒಬ್ಬನೇ ಮಗ ಆಗಿರಬೇಕು, ಆದರೆ ಅವನ ತಂದೆ ತಾಯಿ ಜೊತೆಗಿರಬಾರದು. ತೋಟ, ಗದ್ದೆ ನೋಡಿಕೊಳ್ಳುವ ಹುಡುಗರು ಎಲ್ಲಿಗೆ ಹೋಗಬೇಕು? ಸಮಾಜದ ವಧೂವರರ ಸಮಾವೇಶಕ್ಕೆ ಹೋಗಿ ನೋಡಿ. ಹುಡುಗರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಸಾಲುಗಟ್ಟಿ ಕುಳಿತಿರುತ್ತಾರೆ. ಹುಡುಗಿಯರ ಕಡೆಯ ಕುರ್ಚಿಗಳಲ್ಲಿ ಹುಡುಗಿಯರೇ ಇರುವುದಿಲ್ಲ. ಅವರ ಅಪ್ಪಂದಿರು ಪ್ಲಾಸ್ಟಿಕ್ ಫೈಲು ಹಿಡಿದು ಕುಳಿತಿರುತ್ತಾರೆ.

ಎರಡನೇ ಪಾಳಿ, ಹಾಸನ

ಬಸ್ ನಿಲ್ದಾಣದ ಅಣ್ಣ, ಗಂಡಿನ ಕಡೆಯವರ ಪಟ್ಟಿಯನ್ನೂ ಬರೆದುಬಿಡಿ. ಬೆಳ್ಳಗಿರಬೇಕು. ಬಿ.ಇ. ಓದಿರಬೇಕು, ಆದರೆ ಕೆಲಸ ಬಿಡಲು ತಯಾರಿರಬೇಕು. ಕುಜದೋಷ ಇರಬಾರದು, ಆಶ್ಲೇಷಾ ಆಗಿರಬಾರದು, ಮೂಲಾ ಅಂತೂ ಆಗಲೇಬಾರದು. ನಮ್ಮ ವಾರ್ಡಿನ ಸಹೋದ್ಯೋಗಿಗೆ ಮೂಲಾ ನಕ್ಷತ್ರ ಎಂಬ ಒಂದೇ ಕಾರಣಕ್ಕೆ ವಯಸ್ಸು ಮೂವತ್ತೈದಾಯಿತು. ಮಾವನ ಜೀವಕ್ಕೆ ಆಗುವುದಿಲ್ಲವಂತೆ. ಅವಳು ಐಸಿಯುನಲ್ಲಿ ದಿನಾ ಯಾರದೋ ಮಾವಂದಿರನ್ನು ಬದುಕಿಸಿ ಮನೆಗೆ ಕಳುಹಿಸುತ್ತಾಳೆ.

ಕಡೂರಿನ ಮೇಷ್ಟ್ರು

ಇಬ್ಬರೂ ಸ್ವಲ್ಪ ತಾಳ್ಮೆಯಿಂದ ಕೇಳಿ. ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ ನಾನು, ಇಸವಿಗಳಿಲ್ಲದೆ ಮಾತನಾಡಲು ಬರುವುದಿಲ್ಲ.

ಚಿಕ್ಕಮಗಳೂರನ್ನು ಕಡೂರು ಜಿಲ್ಲೆ ಎನ್ನುತ್ತಿದ್ದ ಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಗೆ ಕಾನೂನು ತಂದಿತು. ಅದು ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು! ಅದಕ್ಕೂ ಆಗ ದೊಡ್ಡ ವಿರೋಧ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದು ನಿಗದಿ ಮಾಡಿತು. 1978ರ ತಿದ್ದುಪಡಿಯಲ್ಲಿ ಅದು 18 ಮತ್ತು 21 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲೂ ಅದೇ ಉಳಿಯಿತು. ಹೆಣ್ಣಿನ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ಈ ಚರ್ಚೆ ಓದಿದರೆ ಎಲ್ಲರೂ ಮೂವತ್ತರ ನಂತರವೇ ಮದುವೆಯಾಗುತ್ತಿದ್ದಾರೆ ಎನ್ನಿಸುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ. 21.4. ಅಂದರೆ ಒಂದೇ ರಾಜ್ಯದಲ್ಲಿ ಒಂದು ಮನೆಯ ಹುಡುಗಿ ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಬಸುರಿಯಾಗುತ್ತಾಳೆ, ಇನ್ನೊಂದು ಮನೆಯವಳು ಮೂವತ್ತಕ್ಕೆ ಜಾತಕ ಹೊರಗೆ ತೆಗೆಯುತ್ತಾಳೆ.

ಇನ್ನೊಂದು ಕಾರಣವನ್ನು ಇಲ್ಲಿ ಯಾರೂ ಹೇಳಲಿಲ್ಲ. ನಮ್ಮ ಕಾಲದಲ್ಲಿ ಹುಡುಕಾಟವೇ ಇರಲಿಲ್ಲ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ತೊಟ್ಟಿಲ ಶಾಸ್ತ್ರದ ದಿನವೇ "ನಿನಗೆ ಹೆಂಡತಿ ಬಂದಳು" ಎಂದು ತಮ್ಮನನ್ನು ಕಾಡಿಸುತ್ತಿದ್ದರು, ಇಪ್ಪತ್ತು ವರ್ಷ ಬಿಟ್ಟು ಆ ತಮಾಷೆ ನಿಜವಾಗುತ್ತಿತ್ತು. ಸೋದರಮಾವ, ಅತ್ತೆಯ ಮಗ, ಮಾವನ ಮಗಳು: ಈ ವೃತ್ತದೊಳಗೇ ಎಲ್ಲ ಮುಗಿಯುತ್ತಿತ್ತು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 27ರಷ್ಟು ಹೆಂಗಸರು ರಕ್ತಸಂಬಂಧದಲ್ಲೇ ಮದುವೆಯಾದವರು. ತಮಿಳುನಾಡನ್ನು ಬಿಟ್ಟರೆ ದೇಶದಲ್ಲಿ ನಾವೇ ಮುಂದೆ. ಆದರೆ ಓದಿದ ಮನೆಗಳಲ್ಲಿ ಅದು ಕಡಿಮೆಯಾಗಿದೆ. ಹುಟ್ಟುವ ಮಕ್ಕಳಿಗೆ ತೊಂದರೆ ಎಂದು ವೈದ್ಯರು ಹೇಳುತ್ತಾರೆ, ಜೊತೆಗೆ ಆಡಿ ಬೆಳೆದ ಹುಡುಗಿಯೂ ಒಲ್ಲೆ ಎನ್ನುತ್ತಾಳೆ. ಒಳ್ಳೆಯದೇ ಆಯಿತು. ಆದರೆ ಸಿದ್ಧವಾಗಿದ್ದ ದಾರಿ ಮುಚ್ಚಿತು, ಅಪರಿಚಿತರ ನಡುವೆ ಸೊನ್ನೆಯಿಂದ ಹುಡುಕಬೇಕಾಯಿತು. ಅದಕ್ಕೆ ಸಮಯ ಹಿಡಿಯುತ್ತದೆ. ಇದನ್ನೂ ಜವಾಬ್ದಾರಿಗೇಡಿತನ ಎನ್ನುತ್ತೀರಾ?

ಮತ್ತೆ, ನಮ್ಮಲ್ಲಿ ಹೆಣ್ಣಿಗೆ ಬರ ಎಂಬ ಮಾತು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1010 ಹೆಂಗಸರು, ಚಿಕ್ಕಮಗಳೂರಿನಲ್ಲಿ 1008. ಹೆಣ್ಣುಮಕ್ಕಳಿದ್ದಾರೆ, ನೀವು ಕರೆಯುವ ಮನೆಗೆ ಬರುತ್ತಿಲ್ಲ.

ಬಿರುಸು ಮಳೆ, ಕೊಪ್ಪ

ಮೇಷ್ಟ್ರೇ, 1010 ಎಂಬ ಲೆಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಿಯರೂ ಇದ್ದಾರೆ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಗಂಡಸರು ಕೆಲಸಕ್ಕೆಂದು ಊರು ಬಿಟ್ಟು ಬೇರೆ ಕಡೆ ಎಣಿಕೆಗೆ ಸಿಗುತ್ತಾರೆ. ಮದುವೆಯ ವಯಸ್ಸಿನವರ ಲೆಕ್ಕವನ್ನು ಅದರಿಂದ ತೆಗೆಯಲು ಬರುವುದಿಲ್ಲ. ಆದರೂ ನಿಮ್ಮ ಕೊನೆಯ ಮಾತು ನಿಜ. ನಮ್ಮೂರಿನ ಹುಡುಗಿಯರು ಇದ್ದಾರೆ, ಬೆಂಗಳೂರಿನ ಪಿ.ಜಿ.ಗಳಲ್ಲಿ ಇದ್ದಾರೆ.

2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮೂವತ್ತು ದಾಟಿದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿದೆಯೇ? ದೇಶದ ಪತ್ರಿಕೆಗಳೆಲ್ಲ ನಕ್ಕವು. ಆ ವರ್ಷದ ಚುನಾವಣಾ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ರೈತರ ಮಕ್ಕಳನ್ನು ವರಿಸುವ ಯುವತಿಯರಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದರು. ಅದಕ್ಕೂ ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗರ ಕಾಲು ಬೊಬ್ಬೆಯೆದ್ದಿದ್ದು ಸುಳ್ಳಲ್ಲ.

ಎರಡನೇ ಪಾಳಿ, ಹಾಸನ

ನನಗೂ ನಗು ಬರಲಿಲ್ಲ. ಆದರೆ ಬೆಟ್ಟ ಹತ್ತಿದವರಲ್ಲಿ ಎಷ್ಟು ಮಂದಿ ಹೊರಡುವ ಮೊದಲು ತಮ್ಮ ಮನೆಯ ಹೆಂಗಸರನ್ನು ಕೂರಿಸಿಕೊಂಡು, "ಈ ಮನೆಗೆ ಬರಲು ನೀವಾದರೆ ಒಪ್ಪುತ್ತಿದ್ದಿರಾ?" ಎಂದು ಕೇಳಿದ್ದರೋ.

ಸಕಲೇಶಪುರದ ಸೊಸೆ

ಆ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವಳು ಮೂವತ್ತೊಂದಕ್ಕೆ ತೋಟದ ಹುಡುಗನನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಯಾರೂ ಒತ್ತಾಯ ಮಾಡಲಿಲ್ಲ, ನಾನೇ ಮೆಚ್ಚಿ ಬಂದದ್ದು. ಈಗಲೂ ಬೇಸರವಿಲ್ಲ. ಆದರೆ ತೋಟದ ಮನೆ ಎಂದರೆ ಹೋಂಸ್ಟೇ ಫೋಟೋದಲ್ಲಿ ಕಾಣುವ ಮಂಜು ಮಾತ್ರವಲ್ಲ.

ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದರೆ ವಿದ್ಯುತ್ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಕಾಫಿ ಒಣಗಿಸುವ ಆ ಸಿಮೆಂಟ್ ಕಣದಲ್ಲಿ ಕೊಡೆ ಹಿಡಿದು ನಿಂತು ನನ್ನ ತಾಯಿಯೊಂದಿಗೆ ಮಾತನಾಡುತ್ತೇನೆ. ಅರಣ್ಯ ಇಲಾಖೆಯಿಂದ 'ಆನೆ ಸಂಚಾರವಿದೆ, ಎಚ್ಚರಿಕೆ' ಎಂಬ ಸಂದೇಶ ಬಂದರೆ ಆಳುಗಳು ಬರುವುದಿಲ್ಲ, ಶಾಲೆಯ ವ್ಯಾನ್ ಗೇಟಿನವರೆಗೆ ಬರುವುದಿಲ್ಲ. ಮಗುವಿಗೆ ರಾತ್ರಿ ಜ್ವರ ಬಂದರೆ ಆನೆಯ ಭಯದಲ್ಲೇ ಜೀಪ್ ತೆಗೆಯಬೇಕು. ಜನವರಿಯಿಂದ ಮಾರ್ಚ್ ತನಕ ರೊಬಸ್ಟಾ ಕೊಯ್ಲು. ಬುಟ್ಟಿ ತೂಗುವುದು, ಆಳುಗಳ ಲೆಕ್ಕ ಬರೆಯುವುದು, ಬಟವಾಡೆ ಎಲ್ಲ ನನ್ನದು. ಇಷ್ಟು ದುಡಿಯುವುದಕ್ಕೂ ಅಡ್ಡಿಯಿಲ್ಲ. ಆದರೆ ಪಹಣಿಯಲ್ಲಿ ನನ್ನ ಹೆಸರಿಲ್ಲ. ಬ್ಯಾಂಕ್ ಕೆಲಸದಲ್ಲಿದ್ದಾಗ ತಿಂಗಳ ಕೊನೆಗೆ ನನ್ನ ಖಾತೆಗೆ ಸಂಬಳ ಬರುತ್ತಿತ್ತು. ಇಲ್ಲಿ ಸೋಪು ತರಲೂ ಮಾವನವರ ಮೇಜಿನ ಡ್ರಾಯರ್.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕರ್ನಾಟಕದಲ್ಲಿ 1994ರಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಗನಷ್ಟೇ ಪಾಲಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆಯಾದವರಿಗೂ ಸಿಕ್ಕಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಆ ತಿದ್ದುಪಡಿಯ ದಿನ ತಂದೆ ಬದುಕಿರಲಿ ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಇಷ್ಟಾದರೂ ನಮ್ಮ ಕಡೆ ಏನಾಗುತ್ತದೆ? ಮದುವೆಯ ಮಾತು ಬಂದ ಕೂಡಲೇ ಹುಡುಗಿಯನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತಾರೆ. ಹುಡುಗಿಗೆ ಅರ್ಥವಾಗುವುದು ಏನು? ತೋಟ ನಿನ್ನದಲ್ಲ, ಓದು ಮಾತ್ರ ನಿನ್ನದು, ಅದನ್ನೇ ಹಿಡಿದುಕೊಂಡು ಹೋಗು ಎಂದು. ಅವಳು ಹಾಗೇ ಮಾಡುತ್ತಾಳೆ. ಓದುತ್ತಾಳೆ, ಕೆಲಸ ಹಿಡಿಯುತ್ತಾಳೆ, ಆ ಕೆಲಸ ಕಳೆದುಕೊಳ್ಳುವ ಮದುವೆಯನ್ನು ಸಾಧ್ಯವಾದಷ್ಟು ದಿನ ಮುಂದಕ್ಕೆ ತಳ್ಳುತ್ತಾಳೆ. ಅದೇ ಮನೆಯವರು ಮರುವರ್ಷ ಮಗನಿಗೆ ಹೆಣ್ಣು ಹುಡುಕಲು ಹೊರಟು, ತೋಟಕ್ಕೆ ಬರುವ ಹುಡುಗಿಯರೇ ಇಲ್ಲ ಎಂದು ಅಳುತ್ತಾರೆ. ಕಾಳುಮೆಣಸು ಅವರೇ, ನಿಮ್ಮ ಎರಡು ಬಗೆಯ ತಡಕ್ಕೂ ಬೇರು ಒಂದೇ. ಮಗಳಿಗೆ ಕೊಡದ ತೋಟಕ್ಕೆ ಇನ್ನೊಬ್ಬರ ಮಗಳು ಏಕೆ ಬರಬೇಕು?

ಹೊಳೆನರಸೀಪುರದ ತಾಯಿ

ನನ್ನ ಮಗಳೇ ಟೈಪ್ ಮಾಡಿಕೊಡುತ್ತಿದ್ದಾಳೆ. ಅವಳು ಬೆಂಗಳೂರಿನಲ್ಲಿದ್ದಾಳೆ, ಮೂವತ್ತು ತುಂಬಿತು. ಮಗ ಮೂವತ್ತಾರು, ಊರಿನಲ್ಲೇ ಇದ್ದಾನೆ. ಆಲೂಗಡ್ಡೆ, ಜೋಳ, ಎರಡು ಹಸು. ಸಕಲೇಶಪುರದ ಹುಡುಗಿ ಹೇಳಿದ ಮಾತು ನಮ್ಮ ಮನೆಗೆ ಬಂದು ನೋಡಿ ಹೇಳಿದಂತಿದೆ.

ಆದರೆ ನಾನು ಒಂದು ಮಾತು ಹೇಳುತ್ತೇನಮ್ಮ. ನಾನು ಹದಿನೇಳಕ್ಕೆ ಈ ಮನೆಗೆ ಬಂದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಹದಿನಾಲ್ಕು ಜನಕ್ಕೆ ರಾಗಿ ಮುದ್ದೆ ತೊಳಸಿದ ಕೈ ಇದು. ಹೆರಿಗೆಗೆ ಹೋಗುವ ದಿನವೂ ಮುಸುರೆ ತೊಳೆದು ಹೋದೆ. ನನ್ನ ಮಗಳಿಗೆ ಅದು ಬೇಡ ಎಂದು ನಾನೇ ಹಟ ಹಿಡಿದು ಓದಿಸಿದೆ. ಅವಳನ್ನು ಹಳ್ಳಿಗೆ ಕೊಡುವುದಿಲ್ಲ ಎಂದು ಬಂದ ಸಂಬಂಧಗಳನ್ನು ನಾನೇ ತಿರುಗಿಸಿ ಕಳುಹಿಸಿದೆ. ನನ್ನ ಮಗನಿಗೆ ಮಾತ್ರ ಹಳ್ಳಿಗೆ ಬರುವ ಹುಡುಗಿಯೇ ಬೇಕು, ಏಕೆಂದರೆ ನಮ್ಮನ್ನು ನೋಡಿಕೊಳ್ಳುವವರು ಬೇರೆ ಯಾರಿದ್ದಾರೆ? ಎರಡೂ ನನ್ನದೇ ಮಾತು. ಎರಡರಲ್ಲಿ ಯಾವುದನ್ನು ಬಿಡಲಿ ಎಂದು ನೀವೇ ಹೇಳಿ.

ಈಗ ಮನೆಯಲ್ಲಿ ಗ್ಯಾಸ್ ಇದೆ, ಹಾಲು ಕರೆಯುವ ಯಂತ್ರ ತಂದಿದ್ದಾನೆ, ಅಟ್ಯಾಚ್ ಬಾತ್‌ರೂಮ್ ಕಟ್ಟಿಸಿದ್ದಾನೆ. ನೋಡಲು ಬಂದವರು ಬಾತ್‌ರೂಮ್ ತನಕ ಬರುವುದೇ ಇಲ್ಲ. ಫೋನಿನಲ್ಲೇ "ಹುಡುಗ ವ್ಯವಸಾಯವಾ?" ಎಂದು ಕೇಳಿ ಇಟ್ಟುಬಿಡುತ್ತಾರೆ.

ಕಾಳುಮೆಣಸು, ಮೂಡಿಗೆರೆ

ಅಮ್ಮ, ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ.

ಸಕಲೇಶಪುರದ ಅಕ್ಕನ ಬರಹವನ್ನು ಊಟದ ಹೊತ್ತಿನಲ್ಲಿ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನ ತಂಗಿಯ ಬಿಡುಗಡೆ ಪತ್ರ ಅಪ್ಪನ ಬೀರುವಿನಲ್ಲೇ ಇದೆ. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಅಪ್ಪ ಟಿ.ವಿ. ಶಬ್ದ ಹೆಚ್ಚು ಮಾಡಿದರು.

ಛತ್ರದ ಮ್ಯಾನೇಜರ್, ಹಾಸನ

ಎಲ್ಲರೂ ದೊಡ್ಡ ಮಾತನಾಡುತ್ತಿದ್ದೀರಿ. ನಾನು ಚಿಲ್ಲರೆ ಲೆಕ್ಕ ಹೇಳುತ್ತೇನೆ. ನಿಶ್ಚಯವಾದ ಮದುವೆಗಳೂ ವರ್ಷಗಟ್ಟಲೆ ಮುಂದಕ್ಕೆ ಹೋಗುವುದಕ್ಕೆ ದುಡ್ಡೇ ಕಾರಣ. ಹತ್ತು ಗ್ರಾಂ ಚಿನ್ನ 2025ರಲ್ಲಿ ಲಕ್ಷ ರೂಪಾಯಿ ದಾಟಿತು. ಮಾಂಗಲ್ಯ, ಒಂದು ಸರ, ಎರಡು ಬಳೆ ಎಂದರೂ ಹೆಣ್ಣಿನ ತಂದೆಯ ಬೆವರಿಳಿಯುತ್ತದೆ. ಜೊತೆಗೆ ಮೊದಲು ಇಲ್ಲದ ಶಾಸ್ತ್ರಗಳೆಲ್ಲ ಬಂದಿವೆ: ಹಳದಿ ಬಟ್ಟೆ ತೊಟ್ಟು ಕುಣಿಯುವ ದಿನ, ಮೆಹಂದಿ ದಿನ, ಮದುವೆಗೆ ಮುಂಚೆಯೇ ಹೊಳೆದಂಡೆಯಲ್ಲಿ ವಿಡಿಯೋ. ರಿಸೆಪ್ಷನ್, ಧಾರೆ, ಆಮೇಲೆ ಬೀಗರ ಊಟ. ಬೀಗರ ಊಟದಲ್ಲಿ ಮಟನ್ ಪೀಸು ಕಡಿಮೆ ಬಿದ್ದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಈಗ ಅದನ್ನು ಯಾರೂ ವರದಕ್ಷಿಣೆ ಎನ್ನುವುದಿಲ್ಲ, "ಗ್ರ್ಯಾಂಡಾಗಿ ಮಾಡಿಕೊಡಿ ಸಾಕು" ಎನ್ನುತ್ತಾರೆ.

ದಿನಾಂಕದ ಸಮಸ್ಯೆ ಬೇರೆ. ಆಷಾಢ ಇಲ್ಲ, ಧನುರ್ಮಾಸ ಇಲ್ಲ, ಗುರು ಶುಕ್ರರ ಅಸ್ತವಿದ್ದರೆ ಇಲ್ಲ. ಉಳಿದ ಮುಹೂರ್ತಗಳಿಗೆ ಊರಿನವರೆಲ್ಲ ಒಂದೇ ಸಲ ಮುಗಿಬೀಳುತ್ತಾರೆ. ತೋಟದವರು ಕಾಫಿ ಮಾರಿದ ಮೇಲೆ, ಬಯಲಿನವರು ಬೆಳೆ ಕೈಗೆ ಬಂದ ಮೇಲೆ ಎನ್ನುತ್ತಾರೆ. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಅರಕಲಗೂಡು ಕಡೆಯವರು ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಲು ಬರುತ್ತಾರೆ. ಉಲ್ಟಾ ಆದದ್ದೂ ಇದೆ. 2024ರಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿದಾಗ ಬ್ರೋಕರ್‌ಗಳು ತೋಟದ ಹುಡುಗರ ಮನೆಗೆ ತಾವಾಗಿಯೇ ಫೋನ್ ಮಾಡತೊಡಗಿದರು. ಕಾಳುಮೆಣಸು ಅವರಿಗೆ ಆಗ ಫೋನ್ ಬರಲಿಲ್ಲವೇ?

ಕಾಳುಮೆಣಸು, ಮೂಡಿಗೆರೆ

ಬಂತು. ರೊಬಸ್ಟಾ ಎಷ್ಟು ಎಕರೆ, ಅರೇಬಿಕಾ ಎಷ್ಟು ಎಂದು ಬಿಡಿಸಿ ಕೇಳಿದರು. ಮಾವನಾಗುವವರೋ ಕಾಫಿ ವ್ಯಾಪಾರಿಯೋ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಬಿರುಸು ಮಳೆ, ಕೊಪ್ಪ

ಖರ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ತಾಲ್ಲೂಕಿನದೇ. ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಕ್ರಮವನ್ನು ಅವರು ರೂಪಿಸಿದ್ದು, 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಹಾಗೆ ಮದುವೆಯಾದದ್ದು ಎಲ್ಲರಿಗೂ ಗೊತ್ತಿದೆ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ನಮ್ಮವರು ಕುವೆಂಪು ಅವರ ಫೋಟೋಕ್ಕೆ ಹಾರ ಹಾಕುತ್ತಾರೆ, ಮಗಳ ಮದುವೆಗೆ ಎರಡು ದಿನದ ಛತ್ರ ಹಿಡಿಯುತ್ತಾರೆ. ದಕ್ಷಿಣ ಕನ್ನಡದ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ, ನಮ್ಮ ಕಡೆಯ ಬಡವರು ಅಲ್ಲಿಗೆ ಹೋಗುತ್ತಾರೆ. ಶ್ರೀಮಂತರಿಗೆ ಖರ್ಚು ಮಾಡಲು ಇದೆ. ನಡುವೆ ಸಿಕ್ಕಿಬಿದ್ದವರಿಗೆ ಮರ್ಯಾದೆಯ ಪ್ರಶ್ನೆ, ಅವರ ಮಕ್ಕಳ ಮದುವೆಯೇ ತಡವಾಗುವುದು.

ಪ್ರಸೂತಿ ವಾರ್ಡು, ಚಿಕ್ಕಮಗಳೂರು

ವೈದ್ಯೆಯಾಗಿ ಒಂದು ವಿಷಯ. ತಡವಾದ ಮದುವೆಯ ಬಗ್ಗೆ ಹೆದರಿಸುವವರೂ ಹೆಚ್ಚು, ಏನೂ ಆಗುವುದಿಲ್ಲ ಎನ್ನುವವರೂ ಹೆಚ್ಚು. ಮೂವತ್ತಕ್ಕೋ ಮೂವತ್ತೆರಡಕ್ಕೋ ಮದುವೆಯಾದರೆ ಗಾಬರಿ ಬೀಳುವಂಥದ್ದು ಏನಿಲ್ಲ. ಹೆಣ್ಣಿನ ಅಂಡಾಣುಗಳ ಸಂಖ್ಯೆ, ಗುಣಮಟ್ಟ ಎರಡೂ 35ರ ನಂತರ ವೇಗವಾಗಿ ಇಳಿಯುತ್ತವೆ. ಬುದ್ಧಿ, ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಎಂಬ ಹುಟ್ಟು ತೊಂದರೆ ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 35 ಆದಾಗ ಸುಮಾರು 350ಕ್ಕೆ ಒಂದು, 40 ಆದಾಗ ಸುಮಾರು 100ಕ್ಕೆ ಒಂದು. ಅಂದರೆ ನಲವತ್ತಕ್ಕೂ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಅದು ಇರುವುದಿಲ್ಲ. ಬಸುರಿನ 11ರಿಂದ 13ನೆಯ ವಾರದ ಸ್ಕ್ಯಾನ್, ರಕ್ತಪರೀಕ್ಷೆ ತಪ್ಪಿಸಬೇಡಿ. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹರಕೆ ಹೊರುವುದರ ಜೊತೆಗೆ ಆಸ್ಪತ್ರೆಗೂ ಬನ್ನಿ. ಬರುವಾಗ ಗಂಡನನ್ನು ಕರೆತನ್ನಿ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ, ಸುಲಭದ ಪರೀಕ್ಷೆ. ನಮ್ಮಲ್ಲಿ ಅದನ್ನು ಎಲ್ಲದರ ಕೊನೆಗೆ ಮಾಡಿಸುತ್ತಾರೆ, ಅಷ್ಟರಲ್ಲಿ ಹೆಂಡತಿಗೆ ಸೂಜಿ ಚುಚ್ಚಿಸಿಕೊಳ್ಳದ ಜಾಗ ಉಳಿದಿರುವುದಿಲ್ಲ. ಐ.ವಿ.ಎಫ್. (ಪ್ರನಾಳ ಶಿಶು) ಮೊದಲಾದ ಚಿಕಿತ್ಸೆಗೆ 2021ರ ಕಾಯ್ದೆಯಲ್ಲಿ ವಯಸ್ಸಿನ ಮಿತಿಯೂ ಇದೆ: ಹೆಣ್ಣಿಗೆ 50, ಗಂಡಿಗೆ 55.

ಮೇಷ್ಟ್ರು ಹೇಳಿದ ಹದಿನೇಳರ ತಾಯಂದಿರನ್ನೂ ನಾನು ನೋಡುತ್ತೇನೆ. ರಕ್ತಹೀನತೆ, ಏರಿದ ರಕ್ತದೊತ್ತಡ, ತೂಕವಿಲ್ಲದ ಕೂಸು. ತಡವಾಯಿತು ಎಂದು ಅಳುವ ಮನೆಯವರು ಅವರ ಬಗ್ಗೆ ಅತ್ತದ್ದನ್ನು ನಾನು ಕಂಡಿಲ್ಲ.

ಹಳೇ ಬಸ್ ನಿಲ್ದಾಣ, ಚಿಕ್ಕಮಗಳೂರು

ಡಾಕ್ಟರ್ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ನನ್ನದೇ. ತೋಟವನ್ನು ಮಗಳಿಗೂ ಹಂಚಿದರೆ ಹನ್ನೆರಡು ಎಕರೆ ಆರಾಗುತ್ತದೆ, ಮುಂದಿನ ತಲೆಮಾರಿಗೆ ಮೂರಾಗುತ್ತದೆ. ಆಗ ಆ ತೋಟದಲ್ಲಿ ಯಾರು ಬದುಕುತ್ತಾರೆ?

ಸಕಲೇಶಪುರದ ಸೊಸೆ

ಇಬ್ಬರು ಗಂಡುಮಕ್ಕಳಿದ್ದರೂ ಹನ್ನೆರಡು ಆರಾಗುತ್ತದೆ, ಅಣ್ಣ. ಆಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ಅರಸೀಕೆರೆ ಜಂಕ್ಷನ್

ನನ್ನದು ಇಲ್ಲಿ ಯಾರೂ ಹೇಳದ ತಡ. ಹುಡುಗಿ ಸಿಕ್ಕಿದ್ದಾಳೆ, ಕಾಲೇಜು ದಿನಗಳಿಂದ. ಇಬ್ಬರಿಗೂ ಮೂವತ್ತೆರಡು. ಜಾತಿ ಬೇರೆ. ಮೊದಲು ಅವಳ ಅಕ್ಕನ ಮದುವೆಯಾಗಲಿ ಎಂದರು, ಕಾದೆವು. ಆಮೇಲೆ ನನ್ನ ತಂದೆಯ ಹೃದಯ ಚಿಕಿತ್ಸೆ. ಆಗ ಹೇಳುವುದು ಬೇಡ ಎಂದು ಕಾದೆವು. ಓಡಿಹೋಗಿ ಮದುವೆಯಾಗುವ ವಯಸ್ಸು ದಾಟಿದೆ, ಇಬ್ಬರಿಗೂ ಅದು ಬೇಕಾಗಿಯೂ ಇಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥ ಜೋಡಿಗಳು ಎಷ್ಟೋ ಇವೆ. ಹೊರಗಿನವರಿಗೆ ನಾವು 'ಕೆರಿಯರ್ ಎಂದುಕೊಂಡು ಮದುವೆ ಬೇಡ ಎಂದವರು'. ನಿಜವಾಗಿ ನಾವು ಅಪ್ಪ ಅಮ್ಮ ಹೂಂ ಎನ್ನಲಿ ಎಂದು ಕಾದು ಕುಳಿತವರು.

ಈಗ ಅವಳ ಮನೆಯವರು ಅರೆಮನಸ್ಸಿನಿಂದ ಒಪ್ಪಿದ್ದಾರೆ, ನಮ್ಮಮ್ಮ ಮೌನವಾಗಿದ್ದಾರೆ. ನೋಂದಣಿ ಮದುವೆ ಮಾಡಿಕೊಂಡು ಊರಿನಲ್ಲಿ ಊಟ ಹಾಕಿಸೋಣ ಎಂದಿದ್ದೇವೆ. ಕ್ರಮ ಹೇಗೆ? ಗೊತ್ತಿರುವವರು ತಿಳಿಸಿ.

ನೋಟರಿ ಬೆಂಚು, ಹಾಸನ

ಎರಡು ದಾರಿ ಇವೆ. ಇಬ್ಬರೂ ಹಿಂದೂಗಳೇ ಆಗಿದ್ದರೆ, ಜಾತಿ ಯಾವುದೇ ಇರಲಿ, ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರೋಕ್ತವಾಗಿ ಮದುವೆಯಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಇದರಲ್ಲಿ ನೋಟಿಸ್ ಕಾಯುವ ಗೋಜಿಲ್ಲ. ಆದರೆ ಶಾಸ್ತ್ರ ನಡೆದಿರಬೇಕು, ಬರಿಯ ನೋಂದಣಿ ಸಾಲದು.

ಶಾಸ್ತ್ರವೇ ಬೇಡ ಎಂದರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನಗಳಿಂದ ವಾಸವಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟರೆ ಅದನ್ನು ಕಚೇರಿಯ ಫಲಕದಲ್ಲಿ ಅಂಟಿಸುತ್ತಾರೆ. 30 ದಿನದೊಳಗೆ ಯಾರಾದರೂ ಆಕ್ಷೇಪಿಸಬಹುದು, ಆದರೆ "ನಮ್ಮ ಜಾತಿಯವನಲ್ಲ" ಎಂಬುದು ಆಕ್ಷೇಪವಾಗುವುದಿಲ್ಲ. ವಯಸ್ಸು ತುಂಬಿಲ್ಲ, ಮೊದಲ ಮದುವೆ ಊರ್ಜಿತದಲ್ಲಿದೆ, ಇಂಥವು ಮಾತ್ರ. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮುಗಿಸಬೇಕು, ತಪ್ಪಿದರೆ ಮತ್ತೆ ಹೊಸ ನೋಟಿಸ್. ಊರಿನ ಕಚೇರಿಯ ಫಲಕದಲ್ಲಿ ಹೆಸರು ಕಂಡರೆ ಸಂಜೆಯೊಳಗೆ ಸುದ್ದಿ ಮನೆ ತಲುಪುತ್ತದೆ. ಬೆಂಗಳೂರಿನ ವಿಳಾಸವೇ ಇಬ್ಬರಿಗೂ ಕಾಯಂ ಆಗಿದ್ದರೆ ಅಲ್ಲೇ ಕೊಡುವುದು ಮೇಲು; ಕಾಯಂ ವಾಸ ಊರಿನದೇ ಆದರೆ ನೋಟಿಸಿನ ಪ್ರತಿ ಊರಿನ ಕಚೇರಿಗೂ ಹೋಗುತ್ತದೆ.

ಒಂದು ಸಲಹೆ. ಆಷಾಢದಲ್ಲಿ ದಿನ ಗೊತ್ತುಮಾಡಿ. ಕಚೇರಿಯಲ್ಲಿ ಜನ ಇರುವುದಿಲ್ಲ, ಊಟಕ್ಕೆ ಛತ್ರವೂ ಖಾಲಿ ಸಿಗುತ್ತದೆ.

ಛತ್ರದ ಮ್ಯಾನೇಜರ್, ಹಾಸನ

ಆಷಾಢಕ್ಕಾದರೆ ಅರ್ಧ ಬಾಡಿಗೆ. ಖುದ್ದಾಗಿ ಬಂದು ಮಾತನಾಡಿ.

ಅರಸೀಕೆರೆ ಜಂಕ್ಷನ್

ಬಹಳ ಉಪಕಾರವಾಯಿತು, ಸರ್. ಜಾತಿಯನ್ನಾದರೂ ಅಮ್ಮನಿಗೆ ಹೇಗೋ ಒಪ್ಪಿಸಬಹುದು, ಆಷಾಢವನ್ನು ಒಪ್ಪಿಸುವುದು ನನ್ನಿಂದಾಗದು. ಶ್ರಾವಣದ ಬಾಡಿಗೆ ಎಷ್ಟು?